ರಾಯಭಾರಿಯ ಬೆರಳು

ರಾಯಭಾರ ಕಚೇರಿಯ ವಸತಿಗೃಹ, ಮೂರನೇ ಮಹಡಿ
ತಾರೀಖು ಹತ್ತೊಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮೊದಲು ನಿನ್ನ ಮಂಡಿಯ ವಿಷಯ ಹೇಳು. ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯಾ, ಇಲ್ಲಾ ಅದನ್ನು ಬೀರುವಿನಲ್ಲಿ ಮಡಿಸಿಟ್ಟು ಇಡೀ ದಿನ ನಿಂತೇ ಪಾಠ ಮಾಡುತ್ತಿದ್ದೀಯಾ? ಟೀಚರಮ್ಮ ಕುರ್ಚಿಯಲ್ಲಿ ಕುಳಿತರೆ ಮಕ್ಕಳ ತಲೆಗೆ ವಿದ್ಯೆ ಹತ್ತುವುದಿಲ್ಲ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಬಿ.ಪಿ. ಮಾತ್ರೆ ನುಂಗುವುದಕ್ಕೆ ದಿನಾ ನನ್ನ ಜೊತೆ ಚೌಕಾಸಿ ಮಾಡುತ್ತಾಳೆ. ಲಿಫ್ಟಿನಲ್ಲಿ ಸಿಕ್ಕವರ ಹತ್ತಿರ ಇವಳು ನಮ್ಮ ಭಾಷೆಯಲ್ಲಿ ಮಾತಾಡುತ್ತಾಳೆ, ಅವರು ಅವರ ಭಾಷೆಯಲ್ಲಿ ಉತ್ತರ ಕೊಡುತ್ತಾರೆ, ಮೇಲೆ ಬಂದು ಅವರ ಸೊಸೆಯ ಕಷ್ಟವನ್ನೆಲ್ಲ ನನಗೆ ಬಿಡಿಸಿ ಹೇಳುತ್ತಾಳೆ. ಅದು ಹೇಗೆ ತಿಳಿಯುತ್ತದೋ ದೇವರೇ ಬಲ್ಲ. ಈಗ ಊಟ ಮುಗಿಸಿ ಒಳಗೆ ಮಲಗಿದ್ದಾಳೆ. ಅವಳು ಏಳುವುದರೊಳಗೆ ಇದನ್ನು ಬರೆದು ಮುಗಿಸಬೇಕು, ಇದರಲ್ಲಿರುವುದನ್ನು ಅವಳಿಗೆ ಇನ್ನೂ ಹೇಳಿಲ್ಲ.

ನಿಂತು ಓದುತ್ತಿದ್ದರೆ ಈಗ ಕುಳಿತುಕೋ. ಇಸ್ತ್ರಿ ಮುಳುಗಿದ. ಹೌದು, ಅದೇ ಇಸ್ತ್ರಿ, ಅಂಗಿಯ ತೋಳಿನಲ್ಲಿ ಒಂದು ಮಡಿಕೆ ಬಿದ್ದರೆ ಮನೆಗೆ ವಾಪಸ್ ಹೋಗಿ ಬದಲಾಯಿಸಿಕೊಂಡು ಬರುತ್ತಿದ್ದ ನಿನ್ನ ಹಳೆಯ ತಂಡದ ನಾಯಕ, ಹೋದ ವರ್ಷದಿಂದ ನನ್ನ ರಾಯಭಾರಿ. ಕಚೇರಿಯಲ್ಲಿ ನಾನು ಬಾಯಿತುಂಬ 'ಅವರು, ಇವರು' ಎನ್ನುತ್ತೇನೆ. ಈ ಪತ್ರದಲ್ಲಿ ಅವನು 'ಅವನು'. ಇಷ್ಟು ಸುಖವನ್ನಾದರೂ ನನಗೆ ಬಿಡು. ನನ್ನನ್ನು ಇಲ್ಲಿಗೆ ಹಾಕಿದ್ದಾರೆ ಎಂದು ತಿಳಿದ ದಿನ ನೀನು ಫೋನಿನಲ್ಲಿ ಹೇಳಿದ್ದು ನೆನಪಿದೆಯಲ್ಲ, "ಹಳೇದನ್ನೆಲ್ಲ ಕೆದಕೋಕೆ ಹೋಗ್ಬೇಡ ಕಣೇ, ನಿನ್ನ ಕೆಲಸ ನೀನು ಮಾಡ್ಕೊಂಡು ಇರು" ಅಂತ. ನಾನು "ಹೂಂ ಅಕ್ಕ" ಎಂದೆ. ಆ 'ಹೂಂ' ಶುದ್ಧ ಸುಳ್ಳು. ಫೋನಿಡುವ ಮೊದಲೇ ಹಲ್ಲು ಕಡಿದಿದ್ದೆ.

ನೀನು ಅನುಭವಿಸಿದ್ದನ್ನು ನಿನಗೇ ಹೇಳುತ್ತಿದ್ದೇನೆ ಎಂದು ನಗಬೇಡ. ಇದು ನಾನು ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಗೆ ಹೇಳಿಕೊಳ್ಳುತ್ತ ಬಂದ ಕಥೆ, ಒಂದು ಸಲ ನಿನ್ನ ಮುಂದೂ ಹೇಳಿಬಿಡುತ್ತೇನೆ. ಆ ಬೆಟ್ಟದ ದೇಶದಲ್ಲಿ ಜನಮತಗಣನೆ ನಡೆದಾಗ ನಮ್ಮ ಸರ್ಕಾರ ವೀಕ್ಷಕರ ತಂಡ ಕಳಿಸಿತು. ಇಸ್ತ್ರಿ ಅದರ ನಾಯಕ, ನೀನು ಎಲ್ಲರಿಗಿಂತ ಚಿಕ್ಕವಳು. ಅವನು ಹೋಟೆಲಿನ ಲಾಬಿಯಲ್ಲಿ ಕಾಲಮೇಲೆ ಕಾಲು ಹಾಕಿ ಕುಳಿತ. ನೀನು ಬಾಡಿಗೆ ಜೀಪಿನಲ್ಲಿ ಬೆಟ್ಟ ಹತ್ತಿ ಇಳಿದೆ. ಮತದಾನ ಶುರುವಾಗುವ ಮೊದಲೇ, ಖಾಲಿ ಪೆಟ್ಟಿಗೆ ಎಂದು ಮತಗಟ್ಟೆಯವರು ತೋರಿಸಿದ್ದನ್ನು ಎತ್ತಲು ಹೋದರೆ ಅದು ಜಪ್ಪಯ್ಯ ಎಂದರೂ ಕದಲಲಿಲ್ಲ. ಸಂಜೆ ಓಡಿ ಬಂದು ಅವನಿಗೆ ಹೇಳಿದೆ. ಅವನು ಚಾಕುವಿನಿಂದ ಹಣ್ಣಿನ ಸಿಪ್ಪೆ ತೆಗೆಯುತ್ತಲೇ, "ಆಯ್ತು, ನೋಡೋಣ, ನೀವು ಹೋಗಿ ರೆಸ್ಟ್ ತಗೊಳ್ಳಿ" ಎಂದ. ಮರುದಿನ 'ಮತದಾನ ಒಟ್ಟಾರೆ ಶಾಂತಿಯುತ ಮತ್ತು ತೃಪ್ತಿಕರ' ಎಂದು ಹೇಳಿಕೆ ಕೊಟ್ಟ. ಆಮೇಲೆ ಆ ತುಂಬಿದ ಪೆಟ್ಟಿಗೆಗಳ ಚಿತ್ರ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂದು ನಮ್ಮ ವಿದೇಶಾಂಗ ಇಲಾಖೆಯ ಮಾನ ಹೋದಾಗ, "ಆ ಭಾಗದ ಹೊಣೆ ಹೊತ್ತಿದ್ದ ಅಧಿಕಾರಿಣಿ ನನಗೆ ಏನೂ ತಿಳಿಸಲಿಲ್ಲ" ಎಂದು ಒಂದೇ ಮಾತಿನಲ್ಲಿ ಜಾರಿಕೊಂಡ. ಅವನಿಗೆ ಬಡ್ತಿ ಸಿಕ್ಕಿತು. ನಿನಗೆ 'ಕರ್ತವ್ಯಲೋಪ' ಎಂಬ ಹಣೆಪಟ್ಟಿ ಸಿಕ್ಕಿತು. ನೀನು ಜಗಳವನ್ನೂ ಆಡದೆ ಪೆಟ್ಟಿಗೆ ಕಟ್ಟಿಕೊಂಡು ಆ ಸಣ್ಣ ಊರಿನ ಶಾಲೆಗೆ ಹೋಗಿಬಿಟ್ಟೆ. ನೀನು ಜಗಳ ಆಡದೆ ಹೋದದ್ದೇ ನನಗೆ ಇವತ್ತಿಗೂ ಸಹಿಸದು.

ಅವನು ನಮ್ಮ ಮನೆಗೆ ಬಂದದ್ದೂ ನನಗೆ ನೆನಪಿದೆ. ನೀವು ಆ ದೇಶಕ್ಕೆ ಹೊರಡುವ ಮುಂಚೆ ಅಮ್ಮನ ಕೈಯಡುಗೆ ಎರಡೆರಡು ಸಲ ಹಾಕಿಸಿಕೊಂಡು ಉಂಡ. "ಯೋಚ್ನೆ ಮಾಡ್ಬೇಡಿ ಅಮ್ಮ, ಇವಳು ನನ್ನ ಮಗಳಿದ್ದ ಹಾಗೆ" ಎಂದ. ಅಮ್ಮ ಆ ಮಾತನ್ನು ಪಕ್ಕದ ಮನೆಯವರಿಗೆಲ್ಲ ಹಂಚಿದಳು. ನಾನು ಇಲ್ಲಿ ಕೆಲಸಕ್ಕೆ ಹಾಜರಾದ ಮೊದಲ ದಿನ ಅವನು ನನ್ನನ್ನು ಕೋಣೆಗೆ ಕರೆದು ಏನು ಕೇಳಿದ ಗೊತ್ತಾ? "ನಿಮ್ಮ ಅಕ್ಕ ಹೇಗಿದಾರೆ? ಒಳ್ಳೆ ಹುಡುಗಿ. ಸ್ವಲ್ಪ ಮರೆವು ಜಾಸ್ತಿ, ಅಷ್ಟೆ." ನನಗೆ ಮೈಯೆಲ್ಲ ಉರಿದುಹೋಯಿತು. "ಚೆನ್ನಾಗಿದಾರೆ ಸರ್" ಎಂದು ನಕ್ಕೆ. ನಾನು ನಕ್ಕದ್ದನ್ನು ನೋಡಿ ಅವನು ನೆಮ್ಮದಿಯಾಗಿ ಕುರ್ಚಿಗೆ ಒರಗಿದ. ಆವತ್ತೇ ನಿರ್ಧಾರ ಮಾಡಿದೆ ಅಕ್ಕಾ, ಇವನ ಕುರ್ಚಿ ಕಳಚುವ ತನಕ ನಾನು ಈ ಊರು ಬಿಡುವುದಿಲ್ಲ ಎಂದು.

ಇನ್ನು ಇಲ್ಲಿನ ಸಂಗತಿ. ಈ ದೇಶದ ಅಧ್ಯಕ್ಷರಿಗೆ ಕುರ್ಚಿಯ ರುಚಿ ಹತ್ತಿದೆ. ಅವರ ಕಾಲಾವಧಿ ಮುಗಿಯುತ್ತ ಬಂತು, ಮತ್ತೆ ನಿಲ್ಲಲು ಸಂವಿಧಾನ ಬಿಡುವುದಿಲ್ಲ. ಹಾಗಾಗಿ ಅಡ್ಡ ಬರುವ ಆ ಸಾಲನ್ನೇ ತೆಗೆದುಹಾಕಬಹುದೇ ಎಂದು ಜನರನ್ನು ಕೇಳುವ ಜನಮತಗಣನೆ. ಉತ್ತರ ಏನು ಬರುತ್ತದೆಂದು ನಮ್ಮ ಅಮ್ಮನಿಗೂ ಲಿಫ್ಟಿನಲ್ಲೇ ತಿಳಿದಿತ್ತು. ಹೊರಗಿನ ದೇಶಗಳ ತಲೆನೋವು ಬೇರೆ. ವೀಕ್ಷಕರನ್ನು ಕಳಿಸಿದರೆ ಆ ನಾಟಕಕ್ಕೆ ಮುದ್ರೆ ಒತ್ತಿದಂತೆ, ಕಳಿಸದಿದ್ದರೆ ಅಧ್ಯಕ್ಷರ ಮುನಿಸು ಕಟ್ಟಿಕೊಂಡಂತೆ. ಒಂದು ದೇಶ 'ನಾವು ಕಳಿಸುವುದಿಲ್ಲ, ಆದರೆ ನಮ್ಮ ವಿದ್ವಾಂಸರು ಪ್ರವಾಸಕ್ಕೆ ಬಂದರೆ ತಡೆಯುವುದಿಲ್ಲ' ಎಂದಿತು. ಇನ್ನೊಂದು, ಕಳಿಸುತ್ತೇವೆ ಆದರೆ ಅವರು ಏನೂ ಹೇಳುವುದಿಲ್ಲ ಎಂದಿತು. ನೆರೆಯ ದೇಶದವರು ಹಿಂದೆಮುಂದೆ ನೋಡದೆ ಬಸ್ಸು ತುಂಬ ಕಳಿಸಿದರು. ಬಂದವರಲ್ಲಿ ಅರ್ಧ ಜನ ಮತಗಟ್ಟೆಗಿಂತ ಅಂಗಡಿ ಬೀದಿಯನ್ನೇ ಹೆಚ್ಚು ವೀಕ್ಷಿಸಿದರು.

ನಮ್ಮ ಸರ್ಕಾರಕ್ಕೆ ಇವರ ಬಂದರಿನ ಮೇಲೆ ಕಣ್ಣಿದೆ, ಜೊತೆಗೆ ಮರ್ಯಾದೆಯೂ ಬೇಕು. ಇಲಾಖೆಗೂ ನಮಗೂ ನಡುವೆ ಕರಡುಗಳು ಓಡಾಡಿ ಓಡಾಡಿ ಕೊನೆಗೆ ಒಂದು ನಿಲುವು ಹುಟ್ಟಿತು: 'ನಮ್ಮ ದೇಶವು ಈ ಜನಮತಗಣನೆಯನ್ನು ವೀಕ್ಷಿಸುವುದಿಲ್ಲ, ವೀಕ್ಷಿಸದಿರುವುದನ್ನು ವಿರೋಧವೆಂದು ಭಾವಿಸತಕ್ಕದ್ದಲ್ಲ.' ಎರಡನೆಯ ಭಾಗ ಇಸ್ತ್ರಿಯ ಸ್ವಂತ ಕೃತಿ. ಅದನ್ನು ಬರೆದ ದಿನ ಅವನ ಮುಖ ನೋಡಬೇಕಿತ್ತು, ಹೆತ್ತವಳಿಗೂ ಅಷ್ಟು ಹೆಮ್ಮೆ ಇರುವುದಿಲ್ಲ. ಇಷ್ಟರ ಮೇಲೆ ನಮ್ಮ ಹಾಗೆಯೇ ದೂರ ನಿಂತ ದೇಶಗಳೆಲ್ಲ ಸೇರಿ ಒಂದು ಜಂಟಿ ಹೇಳಿಕೆ ಹೊರಡಿಸುವುದು, ಮತದಾನದ ಮರುದಿನ ಅದನ್ನು ಪತ್ರಕರ್ತರ ಮುಂದೆ ಓದುವುದು ನಮ್ಮ ರಾಯಭಾರಿಯೇ ಎಂದು ತೀರ್ಮಾನವಾಯಿತು. ಇಲಾಖೆಯಿಂದ ಕಟ್ಟುನಿಟ್ಟಾದ ಸೂಚನೆಯೂ ಬಂತು: ಕಚೇರಿಯ ಯಾರೊಬ್ಬರೂ ಮತಗಟ್ಟೆಯ ಆವರಣಕ್ಕೆ ಕಾಲಿಡಕೂಡದು. ಸೂಚನೆಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದವನು ಇಸ್ತ್ರಿಯೇ. ಈ ಕೆಲಸ ಸುಸೂತ್ರವಾಗಿ ಮುಗಿದರೆ ಊರಿಗೆ ಹೋಗಿ ಇಲಾಖೆಯ ಅತಿ ದೊಡ್ಡ ಕುರ್ಚಿಯಲ್ಲಿ ಕೂರುವವನು ಅವನೇ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಅವನು ಅಲ್ಲಿ ಕುಳಿತರೆ ನಿನ್ನ ಹೆಸರಿನ ಮೇಲಿನ ಕಲೆಯನ್ನು ಅಳಿಸುವವರು ಈ ಜನ್ಮದಲ್ಲಿ ಯಾರೂ ಸಿಗುತ್ತಿರಲಿಲ್ಲ.

ಆದರೆ ಇಸ್ತ್ರಿಗೆ ಎರಡೂ ಕಡೆ ಒಳ್ಳೆಯವನಾಗುವ ಚಟ. ಮತದಾನದ ಬೆಳಿಗ್ಗೆ ಇಲ್ಲಿನ ವಿದೇಶಾಂಗ ಸಚಿವರು ಅವನಿಗೆ ಖುದ್ದಾಗಿ ಫೋನು ಮಾಡಿದರು. ಕಚೇರಿಯ ಕಾಗದ ಹಿಡಿದು ಅವನ ಮನೆಗೆ ಹೋಗಿದ್ದ ನಾನು ಪಕ್ಕದಲ್ಲೇ ಇದ್ದೆ. ರಾಯಭಾರಿಗಳ ಮನೆಯ ಹಿಂದಿನ ಬೀದಿಯ ಶಾಲೆಯಲ್ಲಿ ತಾವು ಮತ ಹಾಕಲು ಬರುತ್ತಿದ್ದೇವೆ, ನೆರೆಮನೆಯವರಾಗಿ ಬಂದು ಒಂದು ಕೈ ಕುಲುಕಿ ಹೋದರೆ ಬಂದರಿನ ಮಾತು ಮುಂದುವರಿಸಲು ಹಿತವಾಗಿರುತ್ತದೆ ಎಂದರಂತೆ. ಫೋನಿಟ್ಟು ಅವನು ಕಿಟಕಿಯ ಪರದೆ ಸರಿಸಿ ಹೊರಗೆ ನೋಡಿದ. ಆಮೇಲೆ ತಿರುಗಿ, "ನೋಡಿ, ನಾನು ರಾಯಭಾರಿಯಾಗಿ ಹೋಗ್ತಾ ಇಲ್ಲ. ವಾಕಿಂಗ್ ಹೋಗ್ತಾ ಇದೀನಿ. ದಾರೀಲಿ ಶಾಲೆ ಸಿಕ್ಕರೆ ನಾನೇನ್ ಮಾಡ್ಲಿ? ಕಣ್ಣಿಗೆ ಬಿದ್ದದ್ದನ್ನ ನೋಡೋದು ವೀಕ್ಷಣೆ ಆಗಲ್ಲ" ಎಂದ. ಕಾರು ಬೇಡ, ಬಾವುಟ ಬೇಡ, ಟೈ ಬೇಡ. ಹೆಂಡತಿಯ ಹತ್ತಿರ ಹಳೆಯ ಸ್ವೆಟರ್ ಕೇಳಿ ಹಾಕಿಕೊಂಡ. ಈ ಊರಿನ ಭಾಷೆ ಕಚೇರಿಯಲ್ಲಿ ಸರಿಯಾಗಿ ಬರುವುದು ನನಗೊಬ್ಬಳಿಗೇ ಆದ್ದರಿಂದ ದುಭಾಷಿಯಾಗಿ ನಾನು ಜೊತೆಗೆ ನಡೆಯಬೇಕಾಯಿತು. ಬೇಡ ಸರ್, ಸೂಚನೆ ಇದೆ ಎಂದು ಒಂದು ಮಾತು ಹೇಳುವುದು ನನ್ನ ಕರ್ತವ್ಯ. ಹೇಳಿದೆ, ತೀರಾ ಮೆಲ್ಲಗೆ ಹೇಳಿದೆ, ಅವನು ಕೈಬೀಸಿ ತಳ್ಳಿಹಾಕಿದ. ನನಗೂ ಅವನು ಹೋಗುವುದೇ ಬೇಕಿತ್ತು ಎನ್ನುವುದನ್ನು ನಿನ್ನ ಹತ್ತಿರ ಮುಚ್ಚಿಡುವುದೇನು.

ಶಾಲೆ ಸಾಧಾರಣದ್ದು. ಗೇಟಿನ ಹತ್ತಿರ ಸೈಕಲ್ಲುಗಳು, ಒಳಗೆ ಉದ್ದ ಪಡಸಾಲೆ, ಗೋಡೆಗೆ ಮಕ್ಕಳು ಬರೆದ ಮೀನು, ಮನೆ, ಸೂರ್ಯ. ಪುಟ್ಟ ಡೆಸ್ಕುಗಳನ್ನು ಒಂದು ಕಡೆ ಒಟ್ಟಿ ಜಾಗ ಮಾಡಿದ್ದರು. ಮತಗಟ್ಟೆಯ ಅಧಿಕಾರಿ ಅದೇ ಶಾಲೆಯ ಹೆಡ್‌ಮಿಸ್ಟ್ರೆಸ್ಸು, ದಪ್ಪ ಕನ್ನಡಕದ, ತುಂಬು ಮೈಯ ಹೆಂಗಸು. ಸಚಿವರು ಬಂದರು, ಕೈ ಕುಲುಕಿದರು, ಮತ ಹಾಕಿದರು. ಅಷ್ಟಕ್ಕೆ ತಿರುಗಿ ಬಂದಿದ್ದರೆ ಇಸ್ತ್ರಿ ಬದುಕಿಕೊಳ್ಳುತ್ತಿದ್ದ. ಆದರೆ ದೊಡ್ಡವರ ಮುಂದೆ ಆಸಕ್ತಿ ತೋರಿಸುವುದರಲ್ಲಿ ಅವನದು ಎತ್ತಿದ ಕೈ. ಹೆಡ್‌ಮಿಸ್ಟ್ರೆಸ್ಸಿನ ಮುಂದಿದ್ದ ಗಾಜಿನ ಸೀಸೆ ತೋರಿಸಿ, "ಇದೇನು ಕೇಳಿ" ಎಂದ. ನಮ್ಮ ದೇಶದಲ್ಲಿ ಮತದಾರರು ಸಹಿ ಹಾಕುತ್ತಾರೆಯೇ ಹೊರತು ಬೆರಳಿಗೆ ಶಾಯಿ ಹಚ್ಚುವುದಿಲ್ಲವಲ್ಲ. ಆಕೆ ಉತ್ಸಾಹದಿಂದ ವಿವರಿಸಿದರು: ಒಬ್ಬರು ಎರಡು ಸಲ ಮತ ಹಾಕಬಾರದೆಂದು ಬೆರಳನ್ನು ಈ ಶಾಯಿಯಲ್ಲಿ ಅದ್ದುತ್ತೇವೆ, ಸಾಹೇಬರಿಗೆ ತೋರಿಸಲೇ ಎಂದರು. ನಾನು ಅದನ್ನು ಅಕ್ಷರ ಬಿಡದೆ ನಮ್ಮ ಭಾಷೆಗೆ ತಂದೆ. "ತೋರಿಸ್ಲಿ, ತೋರಿಸ್ಲಿ" ಎಂದು ಅವನು ತೋರುಬೆರಳು ಚಾಚಿದ. ಆಕೆ ಸೀಸೆಯನ್ನು ಹಿಂದಕ್ಕೆ ಎಳೆದುಕೊಂಡು ನನ್ನ ಮುಖ ನೋಡಿ ಇನ್ನೊಂದು ಮಾತು ಹೇಳಿದರು: "ಮೊದಲೇ ಹೇಳಿಬಿಡಿ, ಈಗ ನೀರಿನ ಹಾಗೆ ಕಾಣುತ್ತೆ, ಬಿಸಿಲು ತಾಗಿದ ಮೇಲೆ ಕಪ್ಪಾಗುತ್ತೆ, ವಾರಗಟ್ಟಲೆ ಹೋಗೋದಿಲ್ಲ, ಏನು ಹಚ್ಚಿ ತಿಕ್ಕಿದರೂ ಹೋಗೋದಿಲ್ಲ."

ಅಕ್ಕಾ, ಆ ಒಂದು ಮಾತು ನನ್ನ ಬಾಯಿಂದ ಈಚೆ ಬರಲಿಲ್ಲ. ನಾಲಿಗೆಯ ತುದಿಗೆ ಬಂತು, ನಿನ್ನ ಮುಖ ಕಣ್ಣಮುಂದೆ ಬಂತು, ನುಂಗಿಬಿಟ್ಟೆ. ಅವನು "ಏನಂತೆ?" ಎಂದು ಕೇಳಿದ. "ದೊಡ್ಡ ಮನುಷ್ಯರು ಕೇಳಿದ್ದು ಸಂತೋಷ ಅಂತಿದಾರೆ ಸರ್" ಎಂದೆ. ಹೆಡ್‌ಮಿಸ್ಟ್ರೆಸ್ಸಿಗೆ ಅವರ ಭಾಷೆಯಲ್ಲಿ "ಪರವಾಗಿಲ್ಲವಂತೆ" ಎಂದೆ. ಇಸ್ತ್ರಿ ಬೆರಳನ್ನು ಉಗುರು ಮುಳುಗುವ ತನಕ ಅದ್ದಿ ಸಚಿವರ ಕಡೆ ನೋಡಿ ನಕ್ಕ. ಯಾರೋ ಕ್ಯಾಮೆರಾ ಕ್ಲಿಕ್ಕಿಸಿದ ಶಬ್ದ ನನಗೆ ಕೇಳಿಸಿತು, ಅವನಿಗೆ ಕೇಳಿಸಲಿಲ್ಲ. ಮಡಿಕೆ ಮುರಿಯದ ಕರವಸ್ತ್ರ ತೆಗೆದು ಒರೆಸಿಕೊಂಡು, ಬೆರಳು ತಿರುಗಿಸಿ ನೋಡಿ, "ಏನೂ ಇಲ್ವಲ್ರೀ, ಇದೆಂಥಾ ಶಾಯಿ" ಎಂದು ಗೇಲಿಯನ್ನೂ ಮಾಡಿದ. ಮನೆಗೆ ಬರುವ ದಾರಿಯಲ್ಲಿ ಒಳ್ಳೆ ಬಿಸಿಲಿತ್ತು. ನಾನು ಅವನನ್ನು ನೆರಳಿನ ಬದಿಗೆ ಕರೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿ ನೇರಳೆಯಾಯಿತು, ಸಂಜೆಯೊಳಗೆ ಕಪ್ಪಾಯಿತು. ಉಗುರಿನ ಸುತ್ತ ಇನ್ನೂ ಗಾಢ. ಅವನ ಮನೆಯಲ್ಲಿ ನಡೆದದ್ದನ್ನು ಅವನ ಹೆಂಡತಿಯೇ ಆಮೇಲೆ ನನಗೆ ಹೇಳಿದರು, ಪಾಪ, ಅವರಿಗೂ ಹೊಟ್ಟೆಯಲ್ಲಿ ಏನೇನು ಇತ್ತೋ, ಹೇಳುತ್ತ ಹೇಳುತ್ತ ನಗು ತಡೆಯಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಿಂಬೆಹಣ್ಣು, ಸೀಮೆಎಣ್ಣೆ, ಉಗುರಿನ ಬಣ್ಣ ತೆಗೆಯುವ ಔಷಧಿ, ಪಾತ್ರೆ ತಿಕ್ಕುವ ನಾರು, ಕೊನೆಗೆ ಬಾಗಿಲು ಉಜ್ಜಿ ಮಿಕ್ಕಿದ್ದ ಉಪ್ಪುಕಾಗದ. ಚರ್ಮ ಕಿತ್ತು ಬಂತು, ಬಣ್ಣ ಬರಲಿಲ್ಲ. ಬೆಳಿಗ್ಗೆ ಬೆರಳಿಗೆ ದಪ್ಪ ಪ್ಲಾಸ್ಟರ್ ಸುತ್ತಿಕೊಂಡು, ಹೊಸ ಸೂಟು ತೊಟ್ಟು, ಜಂಟಿ ಹೇಳಿಕೆ ಓದಲು ಹೊರಟ. ಕಾರಿನಲ್ಲಿ ನನಗೆ, "ಹಣ್ಣು ಹೆಚ್ಚುವಾಗ ಗಾಯ ಆಯ್ತು" ಎಂದ. ಹಣ್ಣು ಎಂದ ಕೂಡಲೇ ನನಗೆ ನೀನು ಹೇಳಿದ್ದ ಅದೇ ಹೋಟೆಲು, ಅದೇ ಚಾಕು ನೆನಪಾಗಿ ಹೊರಗೆ ನೋಡಿದೆ.

ಸಭಾಂಗಣದಲ್ಲಿ ದೂರ ನಿಂತ ದೇಶಗಳ ರಾಯಭಾರಿಗಳೆಲ್ಲ ಉದ್ದ ಮೇಜಿನ ಹಿಂದೆ ಸಾಲಾಗಿ ಕುಳಿತಿದ್ದರು. ಇಸ್ತ್ರಿ ನಡುವೆ. ಬಲಕ್ಕೆ ಒಂದು ದ್ವೀಪದೇಶದ ರಾಯಭಾರಿ, ಎತ್ತರದ ಹೆಂಗಸು, ಮಾತು ಕಡಿಮೆ. ಇವನು ಗಂಟಲು ಸರಿಮಾಡಿಕೊಂಡು 'ನಮ್ಮ ದೇಶಗಳ ಯಾವ ಪ್ರತಿನಿಧಿಯೂ ಯಾವ ಮತಗಟ್ಟೆಗೂ ಭೇಟಿ ನೀಡಿಲ್ಲ' ಎಂಬ ಸಾಲಿಗೆ ಬರುವ ಹೊತ್ತಿಗೆ ಮುಂದಿನ ಸಾಲಿನ ಪತ್ರಕರ್ತನೊಬ್ಬ ಎದ್ದು ನಿಂತು ಆ ದಿನದ ಸರ್ಕಾರಿ ಪತ್ರಿಕೆಯನ್ನು ಎತ್ತಿ ಹಿಡಿದ. ಮುಖಪುಟದಲ್ಲಿ, ಸ್ವೆಟರ್ ತೊಟ್ಟ ನಮ್ಮ ರಾಯಭಾರಿ ಸೀಸೆಯೊಳಗೆ ಬೆರಳಿಟ್ಟು ಹಲ್ಲು ಕಿರಿಯುತ್ತಿದ್ದಾರೆ, ಪಕ್ಕದಲ್ಲಿ ಸಚಿವರು. ಕೆಳಗೆ, 'ಮಿತ್ರದೇಶದ ವೀಕ್ಷಕರಿಂದ ವ್ಯವಸ್ಥೆಗೆ ಮೆಚ್ಚುಗೆ.' ನೆರೆಮನೆಯವರಾಗಿ ಬನ್ನಿ ಎಂದು ಕರೆದವರು ಬೆಳಗಾಗುವುದರೊಳಗೆ ಅವನನ್ನು ವೀಕ್ಷಕನನ್ನಾಗಿ ಮಾಡಿದ್ದರು. ಪತ್ರಕರ್ತ ಬಹಳ ವಿನಯದಿಂದ, "ಸ್ವಾಮಿ, ಆ ಪ್ಲಾಸ್ಟರ್ ಬಿಚ್ಚಿ ತೋರಿಸ್ತೀರಾ?" ಎಂದು ಕೇಳಿದ. ನಾನೇ ಅನುವಾದಿಸಿ ಹೇಳಬೇಕಾಯಿತು. ಈ ಸಲ ಒಂದು ಅಕ್ಷರವನ್ನೂ ಬಿಡಲಿಲ್ಲ. ಇಸ್ತ್ರಿ ಇಂಗು ತಿಂದ ಮಂಗನ ಹಾಗೆ ಕುಳಿತ. ಎತ್ತರದ ಹೆಂಗಸು ತನ್ನ ಹೆಸರಿನ ಫಲಕವನ್ನು ಎತ್ತಿಕೊಂಡು ಮೇಜಿನ ಕೊನೆಗೆ ಹೋಗಿ ಕುಳಿತಳು. ಅವಳ ಹಿಂದೆ ಇನ್ನೊಬ್ಬರು ಎದ್ದರು, ಅವರ ಹಿಂದೆ ಮತ್ತೊಬ್ಬರು. ನಡುವೆ ಅವನೊಬ್ಬನೇ ಉಳಿದ. ಹೊಟ್ಟೆ ತಣ್ಣಗಾಗುವುದು ಎಂದರೆ ಏನೆಂದು ನನಗೆ ಆವತ್ತು ತಿಳಿಯಿತು.

ಆದರೆ ನಿಜವಾದ ಹಬ್ಬ ಆಮೇಲೆ. ಹೋದ ವಾರ ಇಲಾಖೆಯಿಂದ ವಿಚಾರಣಾ ಸಮಿತಿ ಬಂತು. ಕನ್ನಡಕಕ್ಕೆ ದಾರ ಕಟ್ಟಿಕೊಂಡ ಹಿರಿಯ ಅಧಿಕಾರಿಣಿಯೊಬ್ಬರು ಅದರ ಮುಖ್ಯಸ್ಥೆ. ನಮ್ಮ ಕಚೇರಿಯ ಗ್ರಂಥಾಲಯದಲ್ಲಿ ಕುಳಿತು ನಮ್ಮಿಬ್ಬರನ್ನೂ ಎದುರೆದುರಿಗೆ ಕೂರಿಸಿದರು. ಅವನು ಸಿದ್ಧವಾಗಿ ಬಂದಿದ್ದ. ದಾರಿಯಲ್ಲಿ ಹೋಗುವಾಗ ಸಚಿವರು ಕರೆದರು, ಒಳಗೆ ಹೋದದ್ದು ಸೌಜನ್ಯಕ್ಕೆ, ಈ ಶಾಯಿ ಅಳಿಸಲಾಗದ್ದು ಎಂದು ತನಗೆ ಗೊತ್ತೇ ಇರಲಿಲ್ಲ, ಇಂಥ ಶಾಯಿಯನ್ನು ಜನ್ಮದಲ್ಲಿ ನೋಡಿರಲಿಲ್ಲ ಎಂದ. ಹಿರಿಯಾಕೆ ಬರೆದುಕೊಳ್ಳುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಆ ಬೆಟ್ಟದ ದೇಶಕ್ಕೆ ವೀಕ್ಷಕರ ತಂಡ ಕರ್ಕೊಂಡು ಹೋಗಿದ್ದವರು ನೀವೇ ಅಲ್ವಾ? ಅಲ್ಲೂ ಇದೇ ಶಾಯಿ. ಮತಗಟ್ಟೆ ಬಾಗಿಲಲ್ಲಿ ನಿಂತವರಿಗೆಲ್ಲ ಕಾಣುತ್ತೆ. ನೀವು ನಿಂತಿರಲಿಲ್ವಾ?" ಅಕ್ಕಾ, ಅವನ ಪಾಡು ನೋಡು. ಗೊತ್ತಿತ್ತು ಎಂದರೆ ಬೇಕೆಂದೇ ಬೆರಳು ಅದ್ದಿದ ಹಾಗಾಯಿತು. ಗೊತ್ತಿರಲಿಲ್ಲ ಎಂದರೆ ಆ ದೇಶದಲ್ಲಿ ಒಂದೇ ಒಂದು ಮತಗಟ್ಟೆಯನ್ನೂ ನೋಡದೆ 'ತೃಪ್ತಿಕರ' ಎಂದು ಬರೆದ ಹಾಗಾಯಿತು. ನನ್ನ ಕನಸಿನಲ್ಲೂ ಇಷ್ಟು ಚಂದದ ಉರುಳು ಹೆಣೆಯಲು ನನಗೆ ಬರುತ್ತಿರಲಿಲ್ಲ. ಅವನೇ ಹೆಣೆದುಕೊಂಡ.

ಬೆವರು ಒರೆಸಿಕೊಂಡು, "ಹೋಗಿದ್ದೆ, ಮತಗಟ್ಟೆಗೆ ಹೋಗಿದ್ದೆ, ತಂಡದ ಆ ಹುಡುಗಿ ಜೊತೆ ಹೋಗಿದ್ದೆ, ಶಾಯಿ ಗಮನಿಸಲಿಲ್ಲ" ಎಂದ. ಆ ಹುಡುಗಿ ಎಂದರೆ ನೀನು. ಅಷ್ಟಕ್ಕೇ ನಿಲ್ಲಿಸದೆ ನನ್ನ ಕಡೆ ಬೆರಳು ತೋರಿಸಿದ, ಅದೇ ಕಪ್ಪು ಬೆರಳು. "ಇವಳು ಅವಳ ತಂಗಿ. ಆ ಶಾಲೇಲಿ ಆ ಹೆಂಗಸು ಶಾಯಿ ಬಗ್ಗೆ ಎಚ್ಚರಿಕೆ ಹೇಳಿರ್ತಾಳೆ, ಇವಳು ಸೇಡಿಗೋಸ್ಕರ ನನಗೆ ಹೇಳದೆ ಮುಚ್ಚಿಟ್ಟಳು" ಎಂದ. ನನಗೆ ಗೊತ್ತಿದ್ದ ಹಾಗೆ ಅವನು ತನ್ನ ಅಧಿಕಾರದ ಅವಧಿಯಲ್ಲಿ ಹೇಳಿದ ಮೊದಲ ನಿಜ ಅದು. ಯಾರೂ ನಂಬಿದ ಹಾಗೆ ಕಾಣಲಿಲ್ಲ. ಹಿರಿಯಾಕೆ ಕೇಳಿದರು, "ನೀವು ಎಲ್ಲವನ್ನೂ ಅನುವಾದಿಸಿದಿರಾ?" "ಎಲ್ಲವನ್ನೂ" ಎಂದೆ. ನೀನಾಗಿದ್ದರೆ ಹಾಗೆ ಹೇಳುತ್ತಿರಲಿಲ್ಲ, ಗೊತ್ತು.

ಆ ಹೆಡ್‌ಮಿಸ್ಟ್ರೆಸ್ಸು ಮೊನ್ನೆ ತರಕಾರಿ ಅಂಗಡಿಯಲ್ಲಿ ಸಿಕ್ಕಿ, "ನಿಮ್ಮ ಸಾಹೇಬರ ಬೆರಳಿನ ಕಲೆ ಹೋಯಿತಾ?" ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. ಅವರು ನಗಲಿಲ್ಲ. ಅವರ ಅಧ್ಯಕ್ಷರು ನೆನೆಸಿದ್ದಕ್ಕಿಂತ ಹೆಚ್ಚಿನ ಮತದಿಂದ ಗೆದ್ದಿದ್ದಾರೆ, ಇನ್ನು ಸಾಯುವ ತನಕ ಆ ಕುರ್ಚಿಯಲ್ಲೇ. ಆಕೆ ಸೊಪ್ಪಿನ ಕಟ್ಟು ಚೀಲಕ್ಕೆ ಹಾಕಿಕೊಂಡು, "ನಮ್ಮದೂ ಹೋಗಲ್ಲ ಬಿಡಿ" ಎಂದು ಹೊರಟುಹೋದರು. ಒಂದು ದೇಶದ ಪಾಡು ಹೀಗಿರುವಾಗ ನಾನು ಒಬ್ಬನ ಬೆರಳು ನೋಡಿ ಕುಣಿಯುತ್ತಿದ್ದೇನೆ ಎಂದು ಒಂದು ಕ್ಷಣ ನಾಚಿಕೆಯಾಯಿತು. ಮನೆ ಮೆಟ್ಟಿಲು ಹತ್ತುವುದರೊಳಗೆ ಹೋಯಿತು. ನನಗೆ ಇರುವುದು ಒಬ್ಬಳೇ ಅಕ್ಕ.

ಅಮ್ಮ ಮಗ್ಗುಲು ಬದಲಿಸಿದ ಸದ್ದು. ಇಲ್ಲಿಗೆ ನಿಲ್ಲಿಸುತ್ತೇನೆ. ನಿನ್ನ ಮಕ್ಕಳಿಗೆಲ್ಲ ನನ್ನ ಮುದ್ದು, ಮುಂದಿನ ಬೆಂಚಿನ ಆ ತರಲೆ ಹುಡುಗಿಗೆ ಒಂದು ಹೆಚ್ಚು. ಅಮ್ಮನ ಆಶೀರ್ವಾದ ಕೇಳದೆಯೇ ಸೇರಿಸಿದ್ದೇನೆ, ಎದ್ದರೆ ಅವಳು ಹೇಳುವುದೂ ಅದನ್ನೇ. ಮಂಡಿಗೆ ಪಟ್ಟಿ ಕಟ್ಟಿಕೋ.

ನಿನ್ನ,
ಮೆಣಸಿನಕಾಯಿ

ತಾಜಾಕಲಂ: ನಿಜವಾಗಿ ಬರೆಯಬೇಕೆಂದು ಕುಳಿತದ್ದು ಇದನ್ನು, ಕೈ ಹಿಂಜರಿಯಿತು. ನಿನ್ನೆ ಇಸ್ತ್ರಿ ನಮ್ಮ ಮನೆಗೇ ಬಂದಿದ್ದ. ಅಮ್ಮ ಏನೂ ತಿಳಿಯದೆ ಟೀ ಮಾಡಿಕೊಟ್ಟಳು. ಸಮಿತಿಯವರು ಗುರುವಾರ ನಿನಗೆ ಫೋನು ಮಾಡುತ್ತಾರೆ. ಅವನು ಆ ದಿನ ನಿನ್ನ ಜೊತೆ ಮತಗಟ್ಟೆಗೆ ಬಂದಿದ್ದನೇ ಎಂದು ಕೇಳುತ್ತಾರೆ. ಬಂದಿದ್ದರು ಎಂದು ನೀನು ಹೇಳಿದರೆ ಹಳೆಯ ವರದಿ ಉಳಿಯುತ್ತದೆ, ಅವನು ಬರೀ ಛೀಮಾರಿಯಲ್ಲಿ ಪಾರಾಗುತ್ತಾನೆ, ಅದಕ್ಕೆ ಪ್ರತಿಯಾಗಿ ನನ್ನ ಮೇಲಿನ ಆರೋಪ ವಾಪಸ್ ತೆಗೆದುಕೊಳ್ಳುತ್ತಾನಂತೆ. ಇಲ್ಲದಿದ್ದರೆ ಆ ಹೆಡ್‌ಮಿಸ್ಟ್ರೆಸ್ಸನ್ನೇ ಸಮಿತಿಯ ಮುಂದೆ ಕರೆಸುತ್ತಾನಂತೆ. ಆಕೆ ಬಂದರೆ ನಾನು ನುಂಗಿದ ಮಾತು ಹೊರಗೆ ಬರುತ್ತದೆ, ನನ್ನ ಕೆಲಸ ಹೋಗುತ್ತದೆ. ಇದನ್ನೆಲ್ಲ ನಿನಗೂ ಬರೆದು ಕಳಿಸಿದ್ದಾನೆ. ಹೊರಡುವಾಗ ಬಾಗಿಲಲ್ಲಿ ನಿಂತು, "ನಿಮ್ಮಕ್ಕ ನಿಮಗೋಸ್ಕರ ಏನು ಬೇಕಾದ್ರೂ ಮಾಡ್ತಾರೆ, ನಂಗೊತ್ತು" ಎಂದ. ನನಗೂ ಗೊತ್ತು ಅಕ್ಕಾ, ಹೆದರಿಕೆ ಅದಕ್ಕೇ. ಅವನು ಬಂದಿರಲಿಲ್ಲ. ಬಂದಿರಲಿಲ್ಲ ಎಂದೇ ಹೇಳು. ನನ್ನ ಬಗ್ಗೆ ಕೇಳಿದರೂ ನಿಜವನ್ನೇ ಹೇಳು, ಬೇಕಾದರೆ ಈ ಪತ್ರವನ್ನೇ ಓದಿ ಹೇಳು, ನಾನೂ ಅಮ್ಮನೂ ನಿನ್ನಲ್ಲಿಗೆ ಬಂದು ಇರುತ್ತೇವೆ. ನನ್ನನ್ನು ಉಳಿಸಲು ಹೋಗಿ ಅವನನ್ನು ಮಾತ್ರ ಉಳಿಸಬೇಡ.